ಮೊದಲನೇ ನಂಬರಿನ ಒಲೆ

ಒಲೆಯೊಳಗೆ ಬೆಕ್ಕು ಮಲಗಿತ್ತು. ಸರ್ವೆಯವಳ ಕೈಲಿದ್ದ ಫೋನು ಮಾತ್ರ, ಅದೇ ಒಲೆ ಈ ಗಳಿಗೆಯಲ್ಲಿ ಇನ್ನೂರ ಹನ್ನೆರಡು ಡಿಗ್ರಿ ಕಾದಿದೆ ಎನ್ನುತ್ತಿತ್ತು.

ಅವಳು ಒಮ್ಮೆ ಫೋನು ನೋಡಿದಳು, ಒಮ್ಮೆ ಬೆಕ್ಕು ನೋಡಿದಳು. ಕಡಿಮೆ ಸೌದೆ, ಕಡಿಮೆ ಹೊಗೆಯ ಹೊಸ ಒಲೆ ಅದು. ನೂರ ನಲವತ್ತು ಮನೆಗಳಿಗೆ ಪುಕ್ಕಟೆ ಕೊಟ್ಟದ್ದು. ಪ್ರತಿ ಒಲೆಯ ಪಕ್ಕಕ್ಕೂ ಅಂಗಿಯ ಗುಂಡಿಯಷ್ಟಗಲದ ಒಂದು ಸಾಧನ, ಎಲ್ಲರ ಬಾಯಲ್ಲಿ ಅದು 'ಗುಂಡಿ'. ಒಲೆ ಎಷ್ಟು ಕಾಯಿತು, ಎಷ್ಟು ಹೊತ್ತು ಕಾಯಿತು ಎಂದು ಐದು ನಿಮಿಷಕ್ಕೊಮ್ಮೆ ಫೋನಿಗೆ ತಿಳಿಸುವುದು ಅದರ ಕೆಲಸ. ಹೆಚ್ಚು ಉರಿದ ಒಲೆಗಳಲ್ಲಿ ಮೂರು ತಿಂಗಳಿಂದ ಈ ಮನೆಯದೇ ಮೊದಲನೇ ನಂಬರು. ಈ ಲೆಕ್ಕವನ್ನು ನಂಬಿ ಇಂಥದೇ ಇನ್ನೂ ನಾಲ್ಕು ಸಾವಿರ ಒಲೆಗೆ ಇವತ್ತು ಸಂಜೆ ಆರ್ಡರ್ ಹೋಗುವುದಿತ್ತು. ಯಾವಾಗಲೂ ಹೇಳಿ ಬರುವವಳು, ಈ ಮನೆಯ ಅಜ್ಜಿಗೊಂದು ಥ್ಯಾಂಕ್ಸ್ ಹೇಳಿ ಹೋಗೋಣವೆಂದು ಇವತ್ತು ಹೇಳದೆ ಬಂದಿದ್ದಳು.

"ಎಬ್ಬಿಸಬೇಡ ಮಗಳೇ, ಇಲಿ ಹಿಂದೆ ಓಡಿ ಓಡಿ ದಣಿದಿದೆ," ಎಂದು ಅಜ್ಜಿ ಒಳಗೆ ಬಂದಳು. "ಅದಿರಲಿ, ನೀನೇನು ಇವತ್ತು ಕಳ್ಳಬೆಕ್ಕಿನ ಹಾಗೆ?"

"ಅಜ್ಜಿ, ಗುಂಡಿ ಎಲ್ಲಿ?"

"ಯಾವ ಗುಂಡಿ?"

ಹಿತ್ತಿಲಿನಿಂದ ಹೊಗೆ ಬರುತ್ತಿತ್ತು. ಸರ್ವೆಯವಳು ಅತ್ತ ನಡೆದಳು. ತಗಡಿನ ಮಾಡಿನ ಕೆಳಗೆ ಹಳೆಯ ಮೂರು ಕಲ್ಲಿನ ಒಲೆ ಧಗಧಗ ಉರಿಯುತ್ತಿತ್ತು. ಸೊಸೆ ಕಣ್ಣೊರೆಸಿಕೊಳ್ಳುತ್ತ ದೊಡ್ಡ ಪಾತ್ರೆಯಲ್ಲಿ ಸೌಟು ತಿರುವುತ್ತಿದ್ದಳು. ಒಂದು ಕಲ್ಲಿಗೆ ತಂತಿ ಸುತ್ತಿ, ಗುಂಡಿಯನ್ನು ಅಚ್ಚುಕಟ್ಟಾಗಿ ಕಟ್ಟಿದ್ದರು.

"ನಾನು ಬೇಡ ಅಂದೆ," ಸೊಸೆ ತಲೆಯೆತ್ತದೆ ಹೇಳಿದಳು. "ಅತ್ತೆ ಕೇಳಬೇಕಲ್ಲ."

"ಇನ್ನೇನು ಮಾಡಲಿ?" ಅಜ್ಜಿ ದನಿ ಏರಿಸಿದಳು. "ನಿನಗಿಂತ ಮುಂಚೆ ಬರ್ತಿದ್ದ ಆ ಕನ್ನಡಕದವನು, ಪಾಪ, ನಮ್ಮ ಬೀದಿ ಒಲೆಗಳು ತಣ್ಣಗಿವೆ ಅಂತ ಬರೆದ. ಎರಡೇ ತಿಂಗಳಿಗೆ ಅವನ ಕೆಲಸಾನೇ ತಣ್ಣಗಾಯ್ತು. ನೀನು ಬಂದ ಮೊದಲನೇ ದಿನಾನೇ ನನ್ನ ಕಣ್ಣು ನೋಡಿ, ಇಲ್ಲೇ ಕೂತು ಹನಿ ಹಾಕಿದೆ. ಆಮೇಲೆ ಬಂದಾಗಲೆಲ್ಲ ಔಷಧಿ ಸೀಸೆ ತಂದೆ. ಅಂಥವಳ ಹೊಟ್ಟೆ ಮೇಲೆ ನಾನು ಹೊಡೆಯಲಾ?"

ಸರ್ವೆಯವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಈ ಲೆಕ್ಕವನ್ನು ಇದ್ದ ಹಾಗೇ ಕಳಿಸಿದರೆ ಅವಳ ಕೆಲಸ ಉಳಿಯುತ್ತಿತ್ತು, ನಾಲ್ಕು ಸಾವಿರ ಮನೆಗಳಲ್ಲಿ ಬೆಕ್ಕಿಗೆ ಮಲಗಲು ಜಾಗವಾಗುತ್ತಿತ್ತು. ನಿಜ ಬರೆದರೆ ಕನ್ನಡಕದವನಿಗಾದ ಗತಿಯೇ.

"ಹೊಸ ಒಲೆ ಯಾಕೆ ಹಚ್ಚಲ್ಲ?"

ಸೊಸೆ ಕಾಲು ಮುಂದೆ ಚಾಚಿದಳು. ಪಾದದ ಮೇಲೆ ಅಂಗೈಯಗಲ ಸುಟ್ಟ ಕಲೆ. "ಎರಡು ದಿನ ಹಚ್ಚಿದೆ ಅಕ್ಕ. ಒಂಬತ್ತು ಜನದ ಪಾತ್ರೆ ಅದರ ಮೇಲೆ ಕೂರಲ್ಲ. ಉರುಳಿಬಿಡ್ತು."

"ಆವಾಗಲೇ ಹೇಳೋದಲ್ವಾ?"

"ಪುಕ್ಕಟೆ ಕೊಟ್ಟವರಿಗೆ ಏನಂತ ಹೇಳೋದು?" ಅಜ್ಜಿ ಗದರಿದಳು. "ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಿಲಿಗೆ ಹೋಗಿ ಮೊಳ ಹಾಕಿದರಂತೆ. ನಾವು ಅಂಥವರಲ್ಲ."

"ಮೊಳ ಹಾಕೋದಕ್ಕೇ ಅಜ್ಜಿ ನನಗೆ ಸಂಬಳ ಕೊಡೋದು," ಎಂದು ಸರ್ವೆಯವಳು ಚೀಲದಿಂದ ಟೇಪು ತೆಗೆದಳು.

ಪಾತ್ರೆಯ ತಳ ಹದಿನಾಲ್ಕು ಇಂಚು. ಹೊಸ ಒಲೆಯ ಬಾಯಿ ಎಂಟು. ಸೊಸೆ ಅದೇ ಅಳತೆಯ ಇನ್ನೊಂದು ಖಾಲಿ ಪಾತ್ರೆ ತಂದು ಹೊಸ ಒಲೆಯ ಮೇಲಿಟ್ಟು ತೋರಿಸಿದಳು. ಬೆರಳು ತಾಕಿದರೆ ಸಾಕು, ವಾಲುತ್ತಿತ್ತು. ಬೆಕ್ಕು ಬೇಸರಪಟ್ಟುಕೊಂಡು ಎದ್ದು ಹೋಯಿತು. ಸರ್ವೆಯವಳು ಫೋಟೊ ತೆಗೆದಳು. ಫೋನಿನ ಲೆಕ್ಕದಲ್ಲಿ ಈ ಮನೆಯ ಮುಂದೆ 'ಒಲೆ ಉರಿದದ್ದು ಎರಡು ದಿನ' ಎಂದು ತಿದ್ದಿದಳು. ಕಾರಣ ಬರೆದಳು, ಗುಂಡಿ ಎಲ್ಲಿ ಸಿಕ್ಕಿತೆಂಬುದನ್ನೂ ಬರೆದಳು. ಕಚೇರಿಗೆ ಕಳಿಸಿದಳು.

ಹತ್ತು ನಿಮಿಷಕ್ಕೆ ಕಚೇರಿಯಿಂದ ಫೋನು ಬಂತು.

"ಜೋರಾಗಿ ಕೇಳೋ ಹಾಗೆ ಇಡು," ಎಂದಳು ಅಜ್ಜಿ, ಸೆರಗು ಸಿಕ್ಕಿಸಿಕೊಂಡು. "ಬೈದರೆ ನಾನು ಉತ್ತರ ಕೊಡ್ತೀನಿ."

"ಬರೀ ಎಂಟು ಇಂಚಾ?" ಮೇಲಧಿಕಾರಿಯ ದನಿ. "ಒಲೆ ಉರೀತಿಲ್ಲ ಅಂತ ಹಿಂದಿನವರು ಬರೆದ್ರು. ಯಾಕೆ ಅಂತ ಯಾರೂ ಬರೀಲಿಲ್ಲ. ಆರ್ಡರ್ ತಡೆದಿದ್ದೀನಿ. ಉಳಿದ ಮನೆಗಳ ಪಾತ್ರೆ ಯಾವಾಗ ಅಳೀತೀರಿ?"

"ನನ್ನ ಕೆಲಸ, ಸರ್..."

"ಅದನ್ನೇ ಹೇಳ್ತಿರೋದು. ನೂರ ಮೂವತ್ತೊಂಬತ್ತು ಪಾತ್ರೆ. ನಾನು ಬಂದು ಅಳೀಲಾ?" ಆಮೇಲೆ ಮೆತ್ತಗೆ ಹೇಳಿದರು: "ಆ ಕಾಲು ಸುಟ್ಟುಕೊಂಡವರಿಗೆ, ತಪ್ಪು ನಮ್ಮದು ಅಂತ ಹೇಳಿ."

ಸೊಸೆ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. ಮುಖದಲ್ಲಿ ನಗು ಇತ್ತು. ಸರ್ವೆಯವಳು ಅಜ್ಜಿಯ ಎರಡೂ ಕೈ ಹಿಡಿದುಕೊಂಡಳು. "ಅಮ್ಮ ಬಿಟ್ಟರೆ ನನಗೋಸ್ಕರ ಸುಳ್ಳು ಹೇಳಿದವರು ನೀವೊಬ್ಬರೇ ಅಜ್ಜಿ."

"ನಾನೊಬ್ಬಳೇ?" ಅಜ್ಜಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಕೈ ಬಿಡಿಸಿಕೊಂಡು, ಹಿತ್ತಿಲ ಗೋಡೆಯ ಹತ್ತಿರ ಹೋಗಿ, ತುದಿಗಾಲಲ್ಲಿ ನಿಂತು ಕೂಗಿದಳು: "ಏ, ಹುಡುಗಿಗೆ ಗೊತ್ತಾಯ್ತು ಕಣೇ! ಕೆಲಸಕ್ಕೇನೂ ತೊಂದರೆ ಇಲ್ಲವಂತೆ. ಗುಂಡಿ ಬಿಚ್ಚಿ ಹೊಸದಕ್ಕೇ ಕಟ್ಟಿಬಿಡಿ!"

ಗೋಡೆಯಾಚೆಯವಳಿಗೆ ಕೇಳಿಸಿತು. ತನ್ನ ಮನೆಯ ಆಚೆ ಗೋಡೆಗೆ ತಿರುಗಿ ಅದೇ ಮಾತನ್ನು ಇನ್ನೂ ಜೋರಾಗಿ ಕೂಗಿದಳು. ಅದರಾಚೆ ಇನ್ನೊಬ್ಬಳು ಕೂಗಿದಳು. ಕೂಗು ಗೋಡೆ ದಾಟಿ ಗೋಡೆ ದಾಟಿ ಬೀದಿಯ ಕೊನೆಯ ಮನೆ ಮುಟ್ಟುವವರೆಗೂ ಸರ್ವೆಯವಳು ಟೇಪು ಹಿಡಿದು ಅಲ್ಲೇ ನಿಂತಿದ್ದಳು.