ನಲವತ್ತೆರಡು ಡಿಗ್ರಿ ದಾಟಿದ ಮೇಲೆ

ರಾಯಚೂರಿನಲ್ಲಿ ಆಗ ಎಲ್ಲರ ಕೊರಳಿಗೂ ಪಟ್ಟಿಯಿತ್ತು. ಸುಳ್ಳಾಡಿದರೆ ಅದು ಚೀರುತ್ತಿತ್ತು. ಹುಲಿಗೆಮ್ಮನ ಪಟ್ಟಿ ಮಾತ್ರ ಆಗಾಗ ಸುಳ್ಳಿಗೂ ಸುಮ್ಮನಿರುತ್ತದೆಂದು ಯಾರೋ ದೂರು ಕೊಟ್ಟಿದ್ದರು. ತನಿಖೆಯ ಸಾಹೇಬರು ಅವಳನ್ನು ರಿಪೇರಿಯ ಮಹಾದೇವಿಯ ಅಂಗಡಿಗೆ ಕರೆತಂದು, ತಾವು ಹೊರಗೆ ಕುರ್ಚಿ ಹಾಕಿಕೊಂಡು ಕೂತರು.

"ಒಂದು ಸುಳ್ಳು ಹೇಳವ್ವಾ," ಎಂದಳು ಮಹಾದೇವಿ.

"ನಮ್ಮ ಯಜಮಾನ್ರಿಗೆ ಆರಾಮ ಆಗ್ತದ."

ಪಟ್ಟಿ ಚೀರಿತು. ಅಂಗಡಿಯ ತಂಪಿನಲ್ಲಿ ಎಲ್ಲ ಪಟ್ಟಿಗಳೂ ಸಾಚಾ. ಹೊರಗಿನ ಬಿಸಿಲಲ್ಲಿ ಹೇಗೋ ನೋಡೋಣವೆಂದು ಮಹಾದೇವಿ ಹೇರ್ ಡ್ರೈಯರ್ ಹಿಡಿದು, ಪಟ್ಟಿಯನ್ನು ಒಂದೊಂದೇ ಡಿಗ್ರಿ ಕಾಯಿಸುತ್ತ ಅದೇ ಮಾತನ್ನು ಮತ್ತೆ ಮತ್ತೆ ಹೇಳಿಸಿದಳು. ನಲವತ್ತೆರಡು ದಾಟಿದ್ದೇ ತಡ, ಪಟ್ಟಿ ಉಸಿರೆತ್ತಲಿಲ್ಲ. ಬಿಸಿಗೆ ಚಿಪ್‌ನೊಳಗಿನ ಪ್ರೋಗ್ರಾಂ ಗಂಟಲಿನ ಅದುರಿನ ಅಳತೆ ಬರುವ ಮೊದಲೇ, ಮಾತು ನಿಜವೆಂದುಕೊಂಡು ಮುಂದಕ್ಕೆ ಜಿಗಿಯುತ್ತಿತ್ತು. ಊರಿನ ಪಟ್ಟಿಗಳಿಗೆಲ್ಲ ಅದೇ ಪ್ರೋಗ್ರಾಂ. ಎರಡು ಸಾಲು ತಿದ್ದಿದರೆ ಕೆಲಸ ಮುಗಿಯಿತು ಎಂದಳು ಮಹಾದೇವಿ.

ಹುಲಿಗೆಮ್ಮ ಅವಳ ಕೈ ಹಿಡಿದುಕೊಂಡಳು. "ತಿದ್ದಬ್ಯಾಡ ನನ್ನವ್ವಾ. ದವಾಖಾನಿಯವರು ಕೈಬಿಟ್ಟಾರ. ದಿನಾ ಮಧ್ಯಾಹ್ನ ಎರಡಕ್ಕ ಬಿಸಿಲಾಗ ನಿಂತು ಬಂದು, ಅವರ ಕಿವ್ಯಾಗ ಇದೊಂದು ಮಾತು ಹೇಳ್ತೀನಿ. ಆಮ್ಯಾಲೇ ಅವರು ಒಂದು ತುತ್ತು ಉಣ್ಣೋದು."

ಅಷ್ಟರಲ್ಲಿ ಸಾಹೇಬರು ಬಾಗಿಲಿಗೆ ಬಂದರು. "ಏನಾತಮ್ಮಾ? ದೋಷ ಸಿಕ್ತೋ ಇಲ್ಲೋ?"

"ಒಂದು ನಿಮಿಷ ತಡೀರಿ ಸರ್."

ಮಹಾದೇವಿ ಅವರಿಗೆ ಬೆನ್ನು ತಿರುಗಿಸಿ ಡ್ರೈಯರನ್ನು ತನ್ನ ಕೊರಳ ಪಟ್ಟಿಗೇ ಹಿಡಿದಳು. ಚರ್ಮ ಚುರುಗುಟ್ಟಿತು. ನಲವತ್ತೊಂದು. ನಲವತ್ತೆರಡು. ನಲವತ್ತಮೂರು.

ಆಮೇಲೆ ತಿರುಗಿ ಹೇಳಿದಳು: "ಯಾವ ದೋಷಾನೂ ಇಲ್ರಿ ಸರ್."

ಪಟ್ಟಿ ಸುಮ್ಮನಿತ್ತು. ಹುಲಿಗೆಮ್ಮ ಸೆರಗು ಸರಿಮಾಡಿಕೊಂಡು ಬಿಸಿಲಿಗಿಳಿದಳು. ಎರಡಾಗುತ್ತ ಬಂದಿತ್ತು.