ಕಸದ ಫೋಲ್ಡರ್

ನಾಟಕದ ಮೊದಲ ಬೆಲ್ ಹೊಡೆಯುವ ಹೊತ್ತಿಗೆ ತಂಡದ ಹಿರಿಯ ನಟಿ ದೊಡ್ಡಮ್ಮನ ಗಂಟಲು ಪೂರ್ತಿ ಕಟ್ಟಿಹೋಯಿತು. ಬಾಯಿ ತೆರೆದರೆ ಬರೀ ಗಾಳಿ. ಆಕೆಯದು ಮಹಡಿಯ ಕೋಣೆಯಿಂದಲೇ ಮಗನನ್ನು ಗದರುವ ತಾಯಿಯ ಪಾತ್ರ. ಪ್ರೇಕ್ಷಕರಿಗೆ ಮುಖ ಕಾಣುವುದೇ ಇಲ್ಲ, ದನಿಯಷ್ಟೇ. ಈಗ ಆ ದನಿಯೇ ಇಲ್ಲ.

“ಮುಗೀತು. ಜನರನ್ನ ವಾಪಸ್ ಕಳಿಸಿ” ಎಂದು ನಿರ್ದೇಶಕರು ತಲೆಯ ಮೇಲೆ ಕೈಹೊತ್ತು ಕೂತರು.

ಟ್ಯಾಬ್ಲೆಟ್ ಹಿಡಿದು ಮೂಲೆಯಲ್ಲಿ ನಿಂತಿದ್ದ ಶಬ್ದದ ಹುಡುಗಿ ಏನೋ ಅಂದಳು. ಯಾರಿಗೂ ಕೇಳಿಸಲಿಲ್ಲ. ತಂಡದಲ್ಲಿ ಅವಳ ಹೆಸರೇ ಮ್ಯೂಟು.

“ಬಾಯಿ ಬಿಟ್ಟು ಹೇಳೇ, ಮ್ಯೂಟು!”

“ದೊಡ್ಡಮ್ಮನ ದನಿ ನನ್ನ ಹತ್ರ ಇದೆ ಸರ್. ತಾಲೀಮಿನದು.”

ನಿರ್ದೇಶಕರು ತಲೆಯೆತ್ತಿದರು. ತಂಡದ ಕಂಪ್ಯೂಟರಿನಲ್ಲಿ ಊರಗಲ ಸದ್ದುಗಳ ಭಂಡಾರ. ಟ್ಯಾಬ್ಲೆಟ್ಟಿನಲ್ಲಿ ಅಂಗೈಯಗಲ ಜಾಗ. ಟಿಕ್ ಹಾಕಿದ ಫೋಲ್ಡರ್ ಮಾತ್ರ ಅದಕ್ಕೆ ಇಳಿಯುತ್ತದೆ. ಪ್ರದರ್ಶನಕ್ಕೆ ಹೊರಡುವ ಮುಂಚೆ ಅವಳ ಪಕ್ಕದಲ್ಲೇ ಕೂತು ಅವರು ಹೇಳಿದ್ದರು: “ರೈಲಿನ ಸದ್ದು ಅಷ್ಟೂ ಬೇಕು. ತಾಲೀಮಿನ ಕಸ ತೆಗಿ.” ಅವಳು ತಲೆಯಾಡಿಸಿದ್ದಳು. ಮಾತಾಡುವುದಕ್ಕಿಂತ ತಲೆಯಾಡಿಸುವುದು ಅವಳಿಗೆ ಸಲೀಸು; ತಲೆಯಾಡಿಸಿ ತನಗೆ ತೋಚಿದ್ದನ್ನೇ ಮಾಡುವುದು ಇನ್ನೂ ಸಲೀಸು. ತಾಲೀಮಿನಲ್ಲಿ ಎಲ್ಲರ ಮಾತನ್ನೂ ಹಿಡಿದು, ಬಿಡಿಬಿಡಿಯಾಗಿ ಕತ್ತರಿಸಿಟ್ಟುಕೊಳ್ಳುವುದು ಅವಳ ಚಟ. ಅದನ್ನು ಬಿಟ್ಟು ಬರಲು ಮನಸ್ಸಾಗಿರಲಿಲ್ಲ.

“ಹಾಗಾದ್ರೆ ನನ್ನ ರೈಲುಗಳು?”

“ಒಂದಿದೆ ಸರ್. ಅದೇ ಬರತ್ತೆ, ಅದೇ ಹೋಗತ್ತೆ.”

ದೊಡ್ಡಮ್ಮ ಸದ್ದಿಲ್ಲದೆ ನಕ್ಕು, ಹುಡುಗಿಯ ಬೆನ್ನಿಗೆ ಕೈಹಚ್ಚಿ ರಂಗದ ಪಕ್ಕಕ್ಕೆ ನೂಕಿದಳು.

ಪರದೆ ಎದ್ದಿತು. ಮಗನ ಪಾತ್ರದ ಉದ್ದಣ್ಣ ಕೆಳಗಿನಿಂದ ಕೂಗಿದ. ಹುಡುಗಿಯ ಬೆರಳು ಟ್ಯಾಬ್ಲೆಟ್ಟಿಗೆ ತಾಕಿತು. ಮಹಡಿಯಿಂದ ತಾಯಿ ಗದರಿದಳು. ಮಾತಿಗೆ ಮಾತು ಕೂಡುತ್ತಾ ಹೋಯಿತು. ನಿರ್ದೇಶಕರು ಇನ್ನೇನು ಉಸಿರು ಬಿಡಬೇಕು, ಅಷ್ಟರಲ್ಲಿ ಉದ್ದಣ್ಣ ಎಂದಿನಂತೆ ಎಡವಟ್ಟು ಮಾಡಿದ. ಮದುವೆಯ ಮಾತು ಪೂರ್ತಿ ಹಾರಿಸಿ, “ಅಮ್ಮಾ, ಮನೆ ಮಾರಿಬಿಟ್ಟೆ!” ಎಂದುಬಿಟ್ಟ. ಅದು ಕೊನೆಯ ದೃಶ್ಯದ ಮಾತು.

ಉದ್ದಣ್ಣನ ಮುಖ ಸುಣ್ಣ. ಅವಳ ಬೆರಳು ಫೋಲ್ಡರಿನ ತಳಕ್ಕೆ ಓಡಿ ಒಂದು ಕಡೆ ನಿಂತಿತು.

“ಅಯ್ಯೋ ಮಂಕೇ, ಅದು ಆಮೇಲೆ ಕಣೋ! ಮೊದಲು ಮದುವೆ ವಿಷಯ ಮಾತಾಡು!”

ತಾಲೀಮಿನಲ್ಲಿ ಇದೇ ತಪ್ಪಿಗೆ ಇದೇ ಉದ್ದಣ್ಣ ದೊಡ್ಡಮ್ಮನಿಂದ ತಿಂದ ಬೈಗುಳ. ಸಭೆ ಬಿದ್ದುಬಿದ್ದು ನಕ್ಕಿತು. ಉದ್ದಣ್ಣ ಕಿವಿ ಹಿಡಿದುಕೊಂಡು, “ಆಯ್ತಮ್ಮಾ” ಎಂದು ಹಾದಿಗೆ ಬಂದ.

ಕೊನೆಗೆ ಚಪ್ಪಾಳೆ ನಿಲ್ಲಲೇ ಇಲ್ಲ. “ತಾಯಿ! ತಾಯಿ!” ಎಂದು ಜನ ಕೂಗಿದರು. ದೊಡ್ಡಮ್ಮ ಹುಡುಗಿಯ ರಟ್ಟೆ ಹಿಡಿದು ದರದರನೆ ಬೆಳಕಿನ ನಡುವೆ ಎಳೆತಂದಳು. “ಏನಾದ್ರೂ ಹೇಳೇ!” ಎಂದು ನಿರ್ದೇಶಕರು ಪಕ್ಕದಿಂದ ಪಿಸುಗುಟ್ಟಿದರು.

ಅವಳು ತಲೆ ತಗ್ಗಿಸಿ ಟ್ಯಾಬ್ಲೆಟ್ಟಿಗೆ ಬೆರಳು ತಾಕಿಸಿದಳು. ತಾಲೀಮು ಮುಗಿದಾಗಲೆಲ್ಲ ದೊಡ್ಡಮ್ಮ ಕೂಗುತ್ತಿದ್ದ ಮಾತು ಇಡೀ ರಂಗಮಂದಿರವನ್ನು ತುಂಬಿತು:

“ಸಾಕು, ಮನೆಗೆ ನಡೀರೋ! ನಾಳೆ ಬೇಗ ಬನ್ನಿ!”

ಇಡೀ ಸಭೆ ಎದ್ದು ನಿಂತಿತು. ಯಾರೊಬ್ಬರೂ ಮನೆಗೆ ಹೊರಡಲಿಲ್ಲ.