ಗೆಣಸಿನ ಕಾಡುಹಂದಿ

"ಅತ್ತಿಗೆ, ಅದು ಇಲಿ! ಇಲಿಯ ವರ್ಷ ಬರೋದು ಮುಂದಿನ ಸಲ. ಈ ಸಲ ಕಾಡುಹಂದಿ."

ಬೆನ್ನ ಹಿಂದೆ ನಾದಿನಿ ಹಿಸಾಯೆಯ ದನಿ ಕೇಳಿ ಕಿನುಯೊ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಅರ್ಧ ಗೆಣಸು ಮೇಜಿನಡಿಗೆ ಉರುಳಿತು. ಅಂಗಡಿಯಲ್ಲಿ ನಲವತ್ತು ವರ್ಷ ಸೋಯಾ ಹಾಲಿನ ಗಟ್ಟಿ ತೋಫುವನ್ನು ಚೌಕಚೌಕವಾಗಿ ಕೊಯ್ದ ಕೈ ಅದು. ಗೆಣಸಿನ ಮೇಲೆ ಹಂದಿಯ ಬೆನ್ನನ್ನು ಕೆತ್ತಿ ಅಚ್ಚು ಮಾಡು ಎಂದರೆ ಹೇಗೆ ಬಗ್ಗೀತು? ಪಂಚಾಂಗದಲ್ಲಿ ವರ್ಷಕ್ಕೊಂದರಂತೆ ಬರುವ ಪ್ರಾಣಿಯನ್ನು ಒತ್ತಿ ಹೊಸ ವರ್ಷಕ್ಕೆ ಕಳಿಸಲೆಂದು ತಂದಿದ್ದ ಮೂರು ಕಾರ್ಡುಗಳಲ್ಲಿ ಎರಡು ಆಗಲೇ ಕೆಟ್ಟಿದ್ದವು. ಅವತ್ತು ಡಿಸೆಂಬರ್ ಇಪ್ಪತ್ತೈದು, ಗಂಟೆ ಮೂರು. ಮೂರೂವರೆಗೆ ಅಂಚೆಯವನು ಡಬ್ಬಿ ಖಾಲಿ ಮಾಡಿಕೊಂಡು ಹೋದನೆಂದರೆ ಮುಗಿಯಿತು, ಹೊಸ ವರ್ಷದ ಮೊದಲ ಬೆಳಿಗ್ಗೆಗೆ ಕಾರ್ಡು ತಲುಪುವ ಭರವಸೆಯಿಲ್ಲ.

"ಪ್ರತಿ ವರ್ಷ ಅಂಗಡಿ ಕಾರ್ಡಿನ ಮೇಲೆ ಹೆಸರು ಗೀಚಿ ಕಳಿಸೋರು ನೀವು. ಈ ವರ್ಷ ಇದೇನು ಹೊಸದು? ಯಾರಿಗೆ?"

"ಓಚಿಯವರಿಗೆ," ಎಂದಳು ಕಿನುಯೊ. ಹೇಳಿದ ಮೇಲೆ ಕಿವಿಯ ತುದಿಯವರೆಗೂ ಬಿಸಿಯಾಯಿತು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಉಳಿದದ್ದನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ಎದುರಿನ ದ್ವೀಪದ ಓಚಿ, ಹಡಗಿನ ಇಂಜಿನ್ ಕೆಲಸದಿಂದ ನಿವೃತ್ತನಾದ ವಿಧುರ. ಆರು ವರ್ಷದಿಂದ ಆಯಾ ವರ್ಷದ ಪ್ರಾಣಿಯನ್ನು ತಾನೇ ಕೆತ್ತಿ, ಬಣ್ಣ ಹಚ್ಚಿ ಕಾರ್ಡು ಕಳಿಸುತ್ತಿದ್ದ. ಕಳೆದ ಆಗಸ್ಟ್‌ನಲ್ಲಿ ತೋಫು ಕೊಳ್ಳಲು ಬಂದವನು, 'ನನ್ನ ಜೊತೆ ಬಾಳ್ತೀರಾ? ಅವಸರವೇನಿಲ್ಲ, ಹೊಸ ವರ್ಷದ ಕಾರ್ಡಿನಲ್ಲಿ ಹೌದೋ ಅಲ್ಲವೋ ಬರೆದರೆ ಸಾಕು' ಎಂದು ಹೇಳಿ, ತೋಫುವನ್ನು ಅಲ್ಲೇ ಮರೆತು ಹೋಗಿದ್ದ. ನಾಲ್ಕು ತಿಂಗಳಿಂದ ಕಿನುಯೊ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ಗಂಡ ತೀರಿಕೊಂಡು ಒಂಬತ್ತು ವರ್ಷ. ಜೊತೆಗೆ ನಿಂತು ಅಂಗಡಿ ನಡೆಸಿದವಳು ಗಂಡನ ತಂಗಿ ಇದೇ ಹಿಸಾಯೆ. ಅವಳ ಮುಂದೆ ಯಾವ ಬಾಯಲ್ಲಿ ಹೇಳುವುದು?

ಹಿಸಾಯೆ ಬಗ್ಗಿ ಮೇಜಿನಡಿಯ ಗೆಣಸನ್ನು ಹೆಕ್ಕಿ, ತನ್ನ ಏಪ್ರನ್ನಿಗೆ ಒರೆಸಿದಳು. ಆಮೇಲೆ ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮದುವೆಗೆ ಒಪ್ಪಿಗೆಯನ್ನ ಕಾಡುಹಂದಿ ಕೈಲಿ ಹೇಳಿ ಕಳಿಸೋದಾ ಅತ್ತಿಗೆ?"

"ಅದಕ್ಕೆ ಈಜು ಬರುತ್ತಲ್ಲ! ಅಲ್ಲಿಗೆ ಹೋಗಿ ಅವರ ಕಿತ್ತಳೆ ತೋಟ ಅಗೆಯೋವು ಎಲ್ಲಾ ನಮ್ಮ ಗುಡ್ಡದ ಹಂದಿಗಳೇ ಕಣೇ."

"ಹಾಗಾದ್ರೆ ಬೇಗ ಬೇಗ! ನೀವು ಹಂದಿ ನೋಡ್ಕೊಳ್ಳಿ. 'ಹೌದು' ಅನ್ನೋ ಎರಡಕ್ಷರ ನಾನು ಕೆತ್ತುತ್ತೀನಿ. ಅಣ್ಣನ ಮನೆ ಕಡೆಯಿಂದಲೂ ಒಪ್ಪಿಗೆ ಸಿಕ್ಕ ಹಾಗಾಯ್ತು."

ಕಿನುಯೊಗೆ ಕಣ್ಣು ಮಂಜಾಯಿತು. ಆದರೆ ಅಳುವುದಕ್ಕೆ ಹೊತ್ತೆಲ್ಲಿ? ಹಂದಿಯ ಬೆನ್ನನ್ನು ಬಗ್ಗಿಸುವ ಆಸೆ ಬಿಟ್ಟು ಹೊಸ ಗೆಣಸಿನಲ್ಲಿ ತನಗೆ ಬಂದ ಹಾಗೆ ಚೌಕ ಹಂದಿಯನ್ನೇ ಕೆತ್ತಿದಳು. ಚಾಕುವಿನ ತುದಿಯಿಂದ ಗೀರಿ ಬಿರುಗೂದಲು ಎಬ್ಬಿಸಿದಳು. ಕಂದು ಬಣ್ಣ ಬಳಿದು, ಮೂತಿಗೆ ಕೆಂಪು ಹಚ್ಚಿ, ಉಸಿರು ಬಿಗಿಹಿಡಿದು ಒತ್ತಿ ತೆಗೆದರೆ, ಆಹಾ, ಕಾರ್ಡಿನ ತುಂಬ ನಾಲ್ಕು ಮೂಲೆಯ ಹಂದಿಯೊಂದು ಈಗಲೋ ಆಗಲೋ ನುಗ್ಗುವಂತೆ ನಿಂತಿತ್ತು! ಇಬ್ಬರೂ ಚಿಕ್ಕ ಹುಡುಗಿಯರ ಹಾಗೆ ಕೂಗಿಕೊಂಡರು. ಹಿಸಾಯೆ ತನ್ನ ಅಚ್ಚನ್ನು ಕೆಂಪು ಬಣ್ಣದಲ್ಲಿ ಅದ್ದಿ, ಕೆಳಗೆ ಉಳಿದಿದ್ದ ಚೂರು ಜಾಗದಲ್ಲಿ ಒತ್ತಿದಳು.

ಅಕ್ಷರಗಳು ತಿರುಗುಮುರುಗಾಗಿ ಮೂಡಿದ್ದವು. ಉಲ್ಟಾ ಕೆತ್ತಬೇಕಾದದ್ದನ್ನು ಅವಳು ನೇರವಾಗಿ ಕೆತ್ತಿದ್ದಳು.

"ಅಯ್ಯೋ ಅತ್ತಿಗೆ! ಬೇಕೂಂತ ಮಾಡಿದ್ದಲ್ಲ, ಆಣೆ!" ಹಿಸಾಯೆಯ ಮುಖ ಬಿಳಿಚಿಕೊಂಡಿತು. "ಉಲ್ಟಾ ಇದೆ ಅಂತ ಅವರು 'ಬೇಡ' ಅಂತ ತಿಳ್ಕೊಂಡ್ರೆ? ಪೆನ್ನು ಕೊಡಿ, ಎಲ್ಲಾದ್ರೂ ಪಕ್ಕದಲ್ಲಿ..."

ಪಕ್ಕದಲ್ಲಿ ಜಾಗವಿರಲಿಲ್ಲ, ಎಲ್ಲವನ್ನೂ ಹಂದಿ ಆಕ್ರಮಿಸಿತ್ತು. ಇಳಿಜಾರಿನ ಮೇಲಿನಿಂದ ಅಂಚೆಯವನ ಬೈಕಿನ ಸದ್ದೂ ಕೇಳಿಸಿತು. ಕಿನುಯೊ ಆ ಎರಡು ಕೆಂಪಕ್ಷರಗಳನ್ನೇ ನೋಡಿದಳು. ನಾಲ್ಕು ತಿಂಗಳ ಅಂಜಿಕೆ ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

"ಹಾಗೇ ಇರ್ಲಿ ಬಿಡು. ನೀನು ಕೆತ್ತಿದ್ದು. ಅಷ್ಟನ್ನ ಓದಿಕೊಳ್ಳೋಕಾಗದೋನು ನನ್ನ ಜೊತೆ ಏನು ಬಾಳ್ತಾನೆ?"

ಮಾತು ಮುಗಿಯುವ ಮೊದಲೇ ಹಿಸಾಯೆ ಕಾರ್ಡು ಎತ್ತಿಕೊಂಡು ಓಡಿದ್ದಳು. ಐವತ್ತೆಂಟು ವರ್ಷದ ಹೆಂಗಸು, ರಬ್ಬರ್ ಬೂಟು ತೊಟ್ಟು, ಹಸಿ ಬಣ್ಣದ ಕಾರ್ಡನ್ನು ಎರಡೂ ಅಂಗೈ ಮೇಲೆ ಆರತಿ ತಟ್ಟೆಯಂತೆ ಹಿಡಿದು, "ನಿಲ್ಲಪ್ಪಾ, ನಿಲ್ಲು! ಹಂದಿ ಬರ್ತಾ ಇದೆ!" ಎಂದು ಇಡೀ ಬೀದಿಗೆ ಕೇಳುವಂತೆ ಕೂಗುತ್ತ ಓಡಿದಳು. ಅಂಚೆಯವನು ದಿಗಿಲುಬಿದ್ದು ಗುಡ್ಡದ ಕಡೆ ನೋಡಿದ. ಬಾಗಿಲಲ್ಲಿ ನಿಂತ ಕಿನುಯೊ ನಕ್ಕು ನಕ್ಕು ಚೌಕಟ್ಟು ಹಿಡಿದುಕೊಂಡಳು.

ಹೊಸ ವರ್ಷದ ಬೆಳಿಗ್ಗೆ ಹತ್ತಕ್ಕೆ ಫೋನು ಬಡಿದುಕೊಂಡಿತು. ಹಿಸಾಯೆ ಎತ್ತಿದಳು, ಒಂದು ಕ್ಷಣ ಕೇಳಿದಳು, ಅತ್ತಿಗೆಯ ಕೈಗೆ ಕೊಟ್ಟು ತಾನೂ ಕಿವಿಯನ್ನು ಅಲ್ಲೇ ಅಂಟಿಸಿ ನಿಂತಳು.

"ಕನ್ನಡಿ ಮುಂದೆ ಹಿಡಿದು ಓದಿದೆ," ಎಂದ ಓಚಿ. "ಹೌದು ಅಂತ ಇತ್ತು. ಅದರ ಪಕ್ಕದಲ್ಲೇ ಗಡ್ಡ ಕೆರೆದುಕೊಳ್ಳದ ಮುದುಕನೊಬ್ಬ ಹಲ್ಲು ಕಿರಿದುಕೊಂಡು ನಿಂತಿದ್ದ. ಕಿನುಯೊ, ಅವನ ವಿಷಯ ಇನ್ನೊಂದು ಸಲ ಯೋಚನೆ ಮಾಡಿ ನೋಡಿ. ಆಗಲೂ ಹೌದೇನಾ?"

ಕಿನುಯೊ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಹೂಂ, ಹೂಂ ಎಂಬಂತೆ ತಲೆಯಾಡಿಸುತ್ತಲೇ ಇದ್ದಳು.

"ಅತ್ತಿಗೆ," ಹಿಸಾಯೆ ಅವಳ ಭುಜ ಹಿಡಿದು ಅಲುಗಾಡಿಸಿದಳು, "ತಲೆ ಆಡಿಸಿದ್ರೆ ದ್ವೀಪಕ್ಕೆ ಕಾಣಿಸಲ್ಲ! ಬಾಯಿ ಬಿಡಿ!"